ಗ್ರೂಪ್ ಡಿಲೀಟ್ ಮಾಡಬೇಡಿ ಸರ್

ಪುಣಜನೂರು

ನಾಗಭೂಷಣ್ ಸರ್‌ಗೆ ನಮಸ್ಕಾರ,

ನಮ್ಮ ವಾಟ್ಸಾಪ್ ಗ್ರೂಪಿನಲ್ಲಿ ಯಾರೂ ಮೆಸೇಜ್ ಹಾಕದ ಹಾಗೆ ನೀವು ಬಂದ್ ಮಾಡಿದ್ದೀರಿ, ಅದಕ್ಕೇ ಈ ಕಾಗದ. ನಾನು ಶಿವರಂಜಿನಿ, ಚಾಮರಾಜನಗರದಲ್ಲಿ ಇಂಜಿನಿಯರಿಂಗ್ ಓದುತ್ತಿದ್ದೇನೆ. ನಿಮ್ಮ ಒಂದು ಪೋಸ್ಟನ್ನೂ ಬಿಟ್ಟವಳಲ್ಲ. ‘ಬಿಡಿ ಭಾಗಗಳನ್ನು ಕೂಡಿಸಿ ಒಂದಾಗಿ ಕೆಲಸ ಮಾಡಿಸುವ ಈ ಸಿಸ್ಟಮ್ಸ್ ಇಂಜಿನಿಯರಿಂಗಿಗೆ ವಿಜ್ಞಾನದ ತಳಪಾಯ ಹುಡುಕಿ ಹುಡುಕಿ ಸೋತೆ, ಅನುಭವವೇ ಸಾಕು, ಭಾನುವಾರ ಗ್ರೂಪ್ ಡಿಲೀಟ್’ ಅಂತ ನೀವು ಹಾಕಿದ್ದು ಓದಿ ಊಟ ಸೇರಲಿಲ್ಲ.

ಆನೆ ಬಂದರೆ ಕೂಗುವ ಸೈರನ್ ಒಂದನ್ನು ನಾವು ಗೆಳತಿಯರು ನಮ್ಮ ಹೊಲಕ್ಕೆ ಮಾಡಿದ್ದೆವು. ಓಡಾಟ ಗುರುತಿಸುವ ಸೆನ್ಸರ್ ಸರಿಯಿತ್ತು, ಸೈರನ್ನೂ ಸರಿಯಿತ್ತು. ಆದರೆ ಸೈರನ್ ಕೂಗಿದರೆ ಊರ ನಾಯಿಗಳೆಲ್ಲ ಓಡಿ ಬರುತ್ತವೆ. ಅವು ಓಡಾಡಿದರೆ ಸೆನ್ಸರ್ ಮತ್ತೆ ಸೈರನ್ ಕೂಗಿಸುತ್ತದೆ. “ಆನೆನೇ ವಾಸಿ ಕಣಮ್ಮಿ, ತಿಂದ್ಬುಟ್ಟು ಸುಮ್ಕೆ ಓಯ್ತದೆ,” ಅಂದರು ನಮ್ಮಪ್ಪ.

ಆಮೇಲೆ ಸೆನ್ಸರನ್ನು ನಾಯಿಗಿಂತ ಎತ್ತರಕ್ಕೆ ಕಟ್ಟಿದೆವು, ಸರಿಹೋಯಿತು. ಇದು ಅನುಭವ. ಈಗ ಭೀಮನಬೀಡಿನಲ್ಲಿರುವ ನಮ್ಮತ್ತೆ ತಮ್ಮ ಹೊಲಕ್ಕೂ ಒಂದು ಬೇಕು ಅನ್ನುತ್ತಿದ್ದಾರೆ. ಅಲ್ಲಿ ಯಾವುದು ಯಾವುದಕ್ಕೆ ತಗಲಿಕೊಳ್ಳುತ್ತದೋ! ಕಟ್ಟುವ ಮೊದಲೇ ಅದನ್ನು ತಿಳಿಯುವ ದಾರಿ ನನಗೆ ಗೊತ್ತಿಲ್ಲ. ನಿಮಗೂ ಸಿಕ್ಕಿಲ್ಲ. ಆದರೆ ಆ ದಾರಿ ಹುಡುಕುವವರು ನನಗೆ ಸಿಕ್ಕಿದ್ದು ನಿಮ್ಮ ಗ್ರೂಪಿನಲ್ಲೇ.

ನಿಮಗೆ ದಣಿವಾಗಿದ್ದರೆ ನೀವು ಹೊರಡಿ ಸರ್, ತಪ್ಪಿಲ್ಲ. ಹೊರಡುವ ಮೊದಲು ನನ್ನನ್ನು ಅಡ್ಮಿನ್ ಮಾಡಿಬಿಡಿ.

ಇನ್ನೂ ಗ್ರೂಪಿನಲ್ಲೇ ಇರುವ,
ಶಿವರಂಜಿನಿ