ಪೂರ್ತಿ ಲೋಟ ಕಾಫಿ

12 ನವೆಂಬರ್, ಮಂಗಳವಾರ. ಚೆನ್ನೈ, ವಡಪಳನಿಯ ಲಾಡ್ಜ್.

"ಇನ್ನು ಪಥ್ಯ ಬೇಡ, ಇಷ್ಟಪಟ್ಟಿದ್ದು ತಿನ್ನಲಿ" ಅಂದುಬಿಟ್ಟರು ಡಾಕ್ಟರು. ಮಾಡುವುದಕ್ಕೆ ಇನ್ನೇನೂ ಉಳಿದಿಲ್ಲ ಅಂತ ಅರ್ಥ. ಇವರಿಗೆ ಅದು ಹೊಳೆಯಲಿಲ್ಲ ಅಂದುಕೊಂಡೆ.

ಕಿಡ್ನಿ ಕೈಕೊಟ್ಟ ಮೇಲೆ ಇವರಿಗೆ ನೀರನ್ನೂ ಅಳೆದು ಕೊಟ್ಟವಳು ನಾನು. ಹೋಟೆಲಿಗೆ ಹೋದರೆ ಯಾವಾಗಲೂ ಬೈ ಟೂ ಕಾಫಿಯೇ. ಇವತ್ತು ಲಾಡ್ಜಿನ ಕೆಳಗಿನ ಅಗ್ಗದ ಮೆಸ್ಸಿನಲ್ಲಿ ಉಪ್ಪಿನಕಾಯಿ ನೆಂಚಿಕೊಂಡು ಉಂಡಿದ್ದೇ ಉಂಡಿದ್ದು. ಬಡಿಸುವವನು "ಪೋದುಮಾ ಸಾರ್?" ಅಂದರೆ ನಗುತ್ತಾ "ಇನ್ನೂ ಹಾಕಪ್ಪಾ" ಅಂದರು. ಆ ನಗು ನೋಡಿ ನನಗೆ ಸಿಟ್ಟು ಬಂತು. ಡಾಕ್ಟರ ಮೇಲೋ ಇವರ ಮೇಲೋ ಗೊತ್ತಿಲ್ಲ.

ಕೊನೆಗೆ ಅಭ್ಯಾಸಬಲದಿಂದ ಬೈ ಟೂ ಅಂದೆ. "ಬೇಡ, ಎರಡು ಹೇಳು" ಅಂದರು. ಬಂದ ಲೋಟವೊಂದನ್ನು ನನ್ನ ಕಡೆ ತಳ್ಳಿ, ಮೆಲ್ಲಗೆ, "ಜಲಜಾ, ಪೂರ್ತಿ ಲೋಟ ಒಬ್ಬಳೇ ಕುಡಿಯೋದು ರೂಢಿ ಮಾಡ್ಕೊ" ಅಂದರು.