ಗುಡುಗಪ್ಪ ಸುಮ್ಮನಾದ ದಿನ

ಮನೆ, ಅಡುಗೆ ಕೋಣೆಯ ಮೇಜು
ಭಾನುವಾರ, ಮಾರ್ಚ್ ೯

ಪ್ರೀತಿಯ ಗೃಹಮಂತ್ರಿಗಳಿಗೆ,

ಹೇಗಿದ್ದೀಯ? ಮಂಡಿನೋವು ಕಡಿಮೆಯಾಯಿತೇ? ನಿನ್ನ ತಂಗಿಯ ಮುರಿದ ಕಾಲು ಕೂಡುತ್ತಿದೆಯೋ, ಇಲ್ಲ ನಿನ್ನ ಉಪಚಾರದ ರುಚಿ ಹತ್ತಿ ಬೇಕೆಂದೇ ತಡ ಮಾಡುತ್ತಿದೆಯೋ? ನಾನು ಕ್ಷೇಮ. ನನ್ನ ಗಡಿಯಾರ ರಿಪೇರಿಯ ಮೇಜಿನ ಮೇಲೆ ಸದ್ಯ ಆಟಿಕೆ ರೈಲು ಓಡುತ್ತಿರುವುದರಿಂದ ನಾನು ಅಡುಗೆ ಕೋಣೆಗೆ ಗಡೀಪಾರಾಗಿದ್ದೇನೆ. ರೈಲಿನ ಮಾಲೀಕನಾದ ನಿನ್ನ ಮೊಮ್ಮಗ, ನಮ್ಮ ಗುಡುಗಪ್ಪ, ಕಿವಿ ತೂತು ಬೀಳುವ ಹಾಗೆ ಕೂಗುತ್ತಿದ್ದಾನೆ. ಆ ಕೂಗನ್ನು ಮೊದಲು ಮನಸ್ಸಿನಲ್ಲೇ ಚೆನ್ನಾಗಿ ಕೇಳಿಸಿಕೋ. ಕೇಳಿಸಿತೇ? ಇನ್ನು ಮುಂದಿನದನ್ನು ಕೂತುಕೊಂಡು ಓದು.

ಹತ್ತು ದಿನದಿಂದ ನೀನು ಫೋನ್ ಮಾಡಿದಾಗಲೆಲ್ಲ "ಅವನು ಮಲಗಿದ್ದಾನೆ" ಎಂದೆವು. ಹುಟ್ಟಿದಾಗಿನಿಂದ ಹಗಲು ಹೊತ್ತು ಕಣ್ಣು ಮುಚ್ಚದವನು ಇದ್ದಕ್ಕಿದ್ದಂತೆ ನಿದ್ರಾದೇವಿಯ ಭಕ್ತನಾದನೆಂದು ನೀನು ನಂಬಿದ್ದು ನಿನ್ನ ಖ್ಯಾತಿಗೆ ತಕ್ಕದ್ದಲ್ಲ. ಅವನು ಆಸ್ಪತ್ರೆಯಲ್ಲಿದ್ದ. ರಕ್ತಕ್ಕೆ ಸೋಂಕು ತಗಲಿತ್ತು. ಈಗ ವಾಸಿಯಾಗಿದೆ, ನಿನ್ನೆ ಮನೆಗೆ ಕರೆತಂದೆವು. ಬೈಗುಳವೆಲ್ಲ ನನ್ನ ಪಾಲಿಗೇ ಇರಲಿ. ಮಗ, ಸೊಸೆ ಇಬ್ಬರೂ ನಿನಗೆ ಹೇಳಿಬಿಡೋಣ ಎಂದರು. ತಡೆದವನು ನಾನು. ಜ್ವರ ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ನೀನು ನಲವತ್ತು ವರ್ಷ ಹಿಂದಕ್ಕೆ, ನಮ್ಮ ಕೈಬಿಟ್ಟುಹೋದ ಮೊದಲ ಮಗಳ ಹಾಸಿಗೆಯ ಪಕ್ಕಕ್ಕೆ ಹೋಗಿ ಕೂತುಬಿಡುತ್ತೀಯ. ಅಲ್ಲಿಂದ ವಾಪಸು ಬರಲು ಬಸ್ಸಿಲ್ಲ. "ಬೆಳಕು ಹರಿಯೋವರೆಗೂ ಯಾಕೆ ಕಾದೆ ನಾನು" ಎಂದು ಇವತ್ತಿಗೂ ಒಮ್ಮೊಮ್ಮೆ ನಿದ್ದೆಯಲ್ಲೇ ಗೊಣಗುವವಳಿಗೆ ಫೋನಿನಲ್ಲಿ ಅರ್ಧ ಸುದ್ದಿ ಹೇಳುವ ಧೈರ್ಯ ನನಗೆ ಬರಲಿಲ್ಲ.

ಆದದ್ದು ಇಷ್ಟು. ಆಸ್ಪತ್ರೆಗೆ ಸೇರಿಸಿದ್ದರ ಹಿಂದಿನ ದಿನ ಸಂಜೆ ಅವನಿಗೆ ಜ್ವರ ಬಂತು. ಮರುದಿನ ಮಧ್ಯಾಹ್ನ ಮೈ ತಣ್ಣಗಾಯಿತು. ಜ್ವರ ಇಳಿಯಿತು, ಮಲಗಿಕೊಳ್ಳಲಿ ಬಿಡಿ ಎಂದು ನಾನು ತೀರ್ಪು ಕೊಟ್ಟು ಕನ್ನಡಕ ಒರೆಸಿಕೊಂಡೆ. ಸೊಸೆ ಅವನ ಪಾದ ಹಿಡಿದು ನೋಡಿದಳು. ಮಂಜುಗಡ್ಡೆ. ಉಸಿರು ಓಡಿ ಬಂದವನ ಹಾಗೆ. ರೈಲು ತಂದು ಕಿವಿಯ ಹತ್ತಿರ ಓಡಿಸಿದರೂ ಅವನು ಬಾಯಿ ತೆಗೆಯಲಿಲ್ಲ. "ಮಾವ, ಇವನು ಸುಮ್ಮನಿದ್ದಾನೆ" ಎಂದಳು. ಈ ಮನೆಯಲ್ಲಿ ಎಲ್ಲರೂ ಹರಕೆ ಹೊತ್ತು ಬೇಡಿಕೊಂಡ ಸಂಗತಿಯಲ್ಲವೇ ಅದು ಎಂದು ನಾನು ತಮಾಷೆ ಮಾಡಿದೆ. ಅವಳು ನಗಲಿಲ್ಲ. "ಅಳೋ ಮಗುಗೆ ಹೆದರಬೇಡ, ಅಳು ನಿಲ್ಲಿಸಿದ ಮಗುಗೆ ಹೆದರು ಅಂತ ಅತ್ತೆ ಹೇಳಿದಾರೆ" ಎಂದವಳೇ ಮಗುವನ್ನು ಹೊದಿಕೆ ಸಮೇತ ಎತ್ತಿಕೊಂಡು ಹೊರಟೇಬಿಟ್ಟಳು. ಪಕ್ಕದ ಮನೆಯವರ ಕಾರಿನಲ್ಲಿ ನಾನು ಒಂದು ಕಾಲಿಗೆ ಮಾತ್ರ ಚಪ್ಪಲಿ ಹಾಕಿಕೊಂಡು ಹೋದೆ.

ಅಲ್ಲಿದ್ದ ಡಾಕ್ಟರಮ್ಮ ನೋಡಲು ಕಾಲೇಜು ಹುಡುಗಿ. ಅವನ ಎದೆಯ ಮೇಲೆ ಬೆರಳೊತ್ತಿ ತೆಗೆದಳು. ಬಿಳಿಚಿದ ಗುರುತು ಮತ್ತೆ ಕೆಂಪಾಗಲು ಎಷ್ಟು ಹೊತ್ತು ಬೇಕೆಂದು ನೋಡಿದಳು. ಆಮೇಲೆ ಅವಳ ಕೈಗಳು ಮಾತ್ರ ಮಾತಾಡಿದವು. ಬಾಟಲಿಗೆ ರಕ್ತ ತೆಗೆದಳು, ತೆಗೆದ ಕೈಯಲ್ಲೇ ಔಷಧಿ ಏರಿಸತೊಡಗಿದಳು. ನನ್ನ ವೃತ್ತಿಧರ್ಮ ಕೆರಳಿತು. ಬಿಚ್ಚಿ ನೋಡದೆ ಯಾವ ಗಡಿಯಾರಕ್ಕೂ ಎಣ್ಣೆ ಬಿಟ್ಟವನಲ್ಲ ನಾನು! "ಯಾವ ಕ್ರಿಮಿ ಅಂತ ಗೊತ್ತಾಗೋ ಮೊದಲೇ ಔಷಧಿಯಾ? ನಾನು ಗಡಿಯಾರ ರಿಪೇರಿಯವನಮ್ಮ, ನಾವೂ ಹಾಗೆ ಮಾಡಲ್ಲ" ಎಂದೆ. ಅವಳು ತಲೆ ಎತ್ತಲೇ ಇಲ್ಲ. "ನಿಮ್ಮದು ನಿಂತ ಮೇಲೂ ರಿಪೇರಿ ಮಾಡಬಹುದು ತಾತ. ನನ್ನದು ನಿಲ್ಲೋಕೆ ಮೊದಲೇ ಆಗಬೇಕು. ಸ್ವಲ್ಪ ಈ ಕಡೆ ಬನ್ನಿ, ಬೆಳಕಿಗೆ ಅಡ್ಡ ನಿಂತಿದ್ದೀರ" ಎಂದಳು. ಬಂದೆ. ಇಷ್ಟು ಬೇಗ ಬಾಯಿ ಮುಚ್ಚಿಸುವುದು ನಿನಗೂ ಸಾಧ್ಯವಾಗಿಲ್ಲ.

ಮರುದಿನ ನಡೆದದ್ದು ನಮ್ಮ ಮನೆತನದ ಮಾನದ ಪ್ರಶ್ನೆ. ರಕ್ತದ ಬಾಟಲಿಯನ್ನು ಬೆಚ್ಚಗಿಟ್ಟು ಕ್ರಿಮಿ ಬೆಳೆದ ಕೂಡಲೇ ಎಚ್ಚರಿಸುವ ಯಂತ್ರವೊಂದು, ಅದರ ಕುಲಗೋತ್ರ ಪತ್ತೆ ಮಾಡುವ ಯಂತ್ರ ಇನ್ನೊಂದು. ಹಿಂದೆಲ್ಲ ದಿನಗಟ್ಟಲೆ ಹಿಡಿಯುತ್ತಿದ್ದ ಹೆಸರು ಅಲ್ಲಿ ಊಟದ ಹೊತ್ತಿಗೆ ಬಂತು. ಹೆಸರೋ, ಒಂದೇ ಉಸಿರಿನಲ್ಲಿ ಹೇಳಿ ಮುಗಿಸಲಾಗದಷ್ಟು ಉದ್ದ! ಬಂದ ಕೂಡಲೇ ಡಾಕ್ಟರಮ್ಮ ಮೊದಲ ದಿನ ಏರಿಸಿದ್ದ ಭಾರೀ ಔಷಧಿ ತೆಗೆದು ಯಾವುದೋ ಹಳೆಯ, ಸಾದಾ ಔಷಧಿ ಹಾಕಿಸಿದಳು. ಮಗನಿಗೆ ರೇಗಿತು. ನನಗೆ ಅವಮಾನವೇ ಆಯಿತು. ನಮ್ಮ ಗುಡುಗಪ್ಪನಿಗೆ ಹಿಂಬಡ್ತಿಯೇ? ದೊಡ್ಡದನ್ನೇ ವಾಪಸು ಕೊಡಿ ಎಂದು ಅಪ್ಪ ಮಗ ಇಬ್ಬರೂ ದಂಡೆತ್ತಿ ಹೋದೆವು. ಅವಳು ಶಾಂತವಾಗಿ, "ಯಾರು ಅಂತ ಗೊತ್ತಿಲ್ಲದಾಗ ಎಲ್ಲರನ್ನೂ ಹೊಡೆಯೋದು ಬೇಕಿತ್ತು. ಈಗ ಗೊತ್ತಾಗಿದೆ. ಇದಕ್ಕೆ ಇದೇ ಸರಿ. ದೊಡ್ಡದನ್ನ ಸುಮ್ಮಸುಮ್ಮನೆ ಬಳಸಿದರೆ ಕ್ರಿಮಿಗಳಿಗೆ ಅದೂ ರೂಢಿಯಾಗುತ್ತೆ. ನಾಳೆ ನಿಜವಾಗಿ ಬೇಕಾದ ಮಗುಗೆ ಏನು ಕೊಡಲಿ?" ಎಂದಳು. ನನ್ನ ಡ್ರಾಯರ್‌ನಲ್ಲಿ ಸಾಲಾಗಿ ಮಲಗಿರುವ ಸ್ಕ್ರೂಡ್ರೈವರುಗಳು ನೆನಪಾದವು. ಚಿಕ್ಕ ತಿರುಪಿಗೆ ದೊಡ್ಡದನ್ನು ಹಾಕಿದ ಶಿಷ್ಯರ ತಲೆಗೆ ನಾನೇ ಎಷ್ಟು ಮೊಟಕಿಲ್ಲ! ದಂಡು ಹಿಂತಿರುಗಿತು. ಆ ದಿನ ಸಂಜೆ ಗುಡುಗಪ್ಪ ಕಣ್ಣು ಬಿಟ್ಟು, "ನನ್ನ ರೈಲು ಯಾರು ಮುಟ್ಟಿದ್ದು?" ಎಂದು ವಾರ್ಡೇ ಅದುರುವಂತೆ ಕೂಗಿದ. ಓಡಿಬಂದ ನರ್ಸಮ್ಮ "ಇವನ ಸದ್ದು ಕಮ್ಮಿ ಮಾಡೋ ಗುಂಡಿ ಎಲ್ಲಿದೆ?" ಎಂದು ಕೇಳಿದಳು. ನಿನ್ನ ಮಗ ಗೋಡೆಯ ಕಡೆ ತಿರುಗಿ ಬಹಳ ಹೊತ್ತು ಮೂಗು ಒರೆಸಿಕೊಂಡ. ನನಗೇನೂ ಆಗಲಿಲ್ಲ. ಕನ್ನಡಕ ಮಾತ್ರ ಮಬ್ಬಾಗಿತ್ತು.

ತಂಗಿಗೆ ನನ್ನ ಆಶೀರ್ವಾದ ತಿಳಿಸು. ಕೋಲು ಹಿಡಿದು ನಡೆಯಲಿ, ನಿನ್ನ ಹೆಗಲು ಹಿಡಿದಲ್ಲ. ನೀನು ಹೊತ್ತಿಗೆ ಸರಿಯಾಗಿ ಉಣ್ಣು. ಓಡಿ ಬರುವ ಅಗತ್ಯವಿಲ್ಲ, ಆದರೆ ಬಂದರೆ ಬೇಡವೆನ್ನುವವರು ಇಲ್ಲಿ ಯಾರೂ ಇಲ್ಲ.

ನೀನು ಒಂದು ದಿನವೂ ಹೆಸರು ಹಿಡಿದು ಕರೆಯದ,
ನಿನ್ನ "ರೀ"

ಮರೆತಿದ್ದೆ: ಮನೆಗೆ ಹೊರಡುವ ಮುಂಚೆ ಡಾಕ್ಟರಮ್ಮನಿಗೆ ನಮ್ಮ ಮಗಳ ವಿಷಯ ಹೇಳಿದೆ. ರಾತ್ರಿಯೆಲ್ಲ ಕಾದು ಬೆಳಿಗ್ಗೆ ನೀನು ಎತ್ತಿಕೊಂಡು ಓಡಿದ್ದು, ಅಂದಿನ ಆಸ್ಪತ್ರೆಯವರು ರಕ್ತ ತೆಗೆದು ಹೆಸರು ಬರಲಿ ಎಂದು ಔಷಧಿ ಕೊಡದೆ ಕಾದದ್ದು, ಹೆಸರು ಬರುವಷ್ಟರಲ್ಲಿ ಅವಳು ಇಲ್ಲದೆಹೋದದ್ದು. ಡಾಕ್ಟರಮ್ಮ ಒಂದೇ ಪ್ರಶ್ನೆ ಕೇಳಿದಳು: "ಕರ್ಕೊಂಡು ಬಂದಾಗ ಮಗು ಅಳ್ತಿತ್ತಾ?" ಬೀದಿಗೆಲ್ಲ ಕೇಳುವಂತೆ ಅಳುತ್ತಿತ್ತು ಎಂದೆ. "ಹಾಗಿದ್ರೆ ಅಜ್ಜಿ ತಡ ಮಾಡಿರಲಿಲ್ಲ. ತಡ ಆದದ್ದು ಆಸ್ಪತ್ರೆಯೊಳಗೆ. ಮನೆಗೆ ಹೋಗಿ ಹೇಳಿ" ಎಂದಳು. ಇದನ್ನು ಹೇಳಲೆಂದೇ ಕಾಗದ ಬರೆದೆ, ಫೋನಿನಲ್ಲಿ ಹೇಳಿದ್ದು ಎರಡನೇ ಸಲ ಕೇಳಿಸುವುದಿಲ್ಲ. ನಂಬಿಕೆ ಬರದಿದ್ದರೆ ಮತ್ತೊಮ್ಮೆ ಓದು. ಬಂದರೂ ಮತ್ತೊಮ್ಮೆ ಓದು.