ಗಿಳಿಯ ಅರ್ಜಿಯ ಮೇಲೆ ಪಪ್ಪನ ತೀರ್ಪು

ಡೊಂಬಿವಲಿ ಪೂರ್ವ
೧೧ ನವೆಂಬರ್ ೨೦೨೫

ಚಿ. ತನ್ವಿಗೆ ಪಪ್ಪನ ಆಶೀರ್ವಾದ. ಇದನ್ನು ನಿನಗೆ ಓದಿ ಹೇಳುತ್ತಿರುವ ನಿನ್ನ ರೂಮಿನ ಕಾಂಚನಾಳಿಗೂ ಅದರಲ್ಲಿ ಅರ್ಧ ಪಾಲು.

ದೀಪಾವಳಿಗೆ ಮನೆಗೆ ಬಂದಾಗ ನೀನು ಒಂದು ಗಿಳಿ ಸಾಕಲೋ ಬೇಡವೋ ಎಂದು ಕೇಳಿದ್ದೆ. ಉತ್ತರ ತಡವಾಯಿತು, ಬೇಸರಿಸಬೇಡ. ಇಂಥ ಗಹನ ವಿಷಯವನ್ನು ಹೋಟೆಲಿನ ಗಲ್ಲಾದಲ್ಲಿ ಕೂತು, ಪಾರ್ಸೆಲ್ ಕೂಗುಗಳ ನಡುವೆ ತೀರ್ಮಾನಿಸಲು ಬರುವುದಿಲ್ಲ. ಫೋನಿನಲ್ಲಿ ಹೇಳೋಣವೆಂದರೆ, ‘ಹಾಂ ಪಪ್ಪಾ, ಬೋಲೋ’ ಎನ್ನುತ್ತಿ. ನಾನು ಬಾಯಿ ತೆರೆಯುವಷ್ಟರಲ್ಲಿ ನಿನ್ನ ಟ್ರೇನು ಬಂದಿರುತ್ತದೆ. ಕಾಗದಕ್ಕೆ ಆ ಅವಸರವಿಲ್ಲ. ನಿನಗೆ ಕನ್ನಡ ಕೇಳಿದರೆ ತಿಳಿಯುತ್ತದೆ, ಓದಬೇಕಾದರೆ ಮಾತ್ರ ಅಕ್ಷರಕ್ಕೆ ಅಕ್ಷರ ಕೂಡಿಸಬೇಕು. ಕಲಬುರಗಿಯ ಕಾಂಚನಾ ಇರುವಾಗ ಆ ಚಿಂತೆಯೂ ಇಲ್ಲ. ಕಳೆದ ಸಲದ ಕಾಗದ ಕಂಡು ಅವಳು, ‘ಅಂಕಲ್, ಓದಿ ಹೇಳ್ತೀನ್ರಿ, ಆದ್ರ ನಿಮ್ಮ ಅಕ್ಷರ ಇರಬಿ ಸಾಲು ಹೊಂಟಂಗ ಅದಾವ್ರಿ’ ಎಂದಿದ್ದಳು. ಈ ಸಲ ಇರುವೆಗಳನ್ನು ಸ್ವಲ್ಪ ದೂರ ದೂರ ನಡೆಸಿದ್ದೇನೆ.

ಮೊದಲು ನಿನ್ನ ಅಮ್ಮನ ಅಭಿಪ್ರಾಯ ಕೇಳಿದೆ. ‘ಹ್ವಾಯ್, ಅದ್ಕ್ ಕಾಳ್ ಹಾಕುದ್ ಯಾರ್? ಕಡಿಗ್ ನಾನೇ ಅಲ್ದಾ?’ ಎಂದು ಕುಂದಾಪುರದ ಒಂದೇ ಮಾತಿನಲ್ಲಿ ಕಡತ ಮುಚ್ಚಿದಳು. ಮರುದಿನ ನೋಡಿದರೆ ಕಿಟಕಿಯ ಗ್ರಿಲ್ಲಿನಲ್ಲಿದ್ದ ಕರಿಬೇವಿನ ಕುಂಡ ಮೂಲೆಗೆ ಸರಿದಿತ್ತು. ಯಾಕೆ ಎಂದರೆ, ಗಿಡಕ್ಕೆ ಬಿಸಿಲು ಬೀಳಲಿ ಎಂದಳು. ಆ ಮೂಲೆಯಲ್ಲಿ ಬಿಸಿಲನ್ನು ಈ ಕಟ್ಟಡ ಕಟ್ಟಿದವನೂ ಕಂಡಿಲ್ಲ.

ಹೋಟೆಲಿಗೆ ದಿನಾ ಚಹಾಕ್ಕೆ ಬರುವ ಗುರುನಾಥ ಮಾಸ್ತರು, ನಮ್ಮ ಹಸಿರು ಗಿಳಿ ಸಾಕಿದರೆ ಕಾನೂನು ಬಿಡುವುದಿಲ್ಲ ಎಂದು ಹೆದರಿಸಿದರು. ಮಗಳು ಕೇಳಿದ್ದು ಕಾಕಟೀಲ್ ಎಂಬ ಹೊರದೇಶದ ಪುಟ್ಟ ಗಿಳಿ ಎಂದೆ. ಹಾಗಾದರೆ ಅದು ಇಪ್ಪತ್ತು ವರ್ಷ ಬದುಕೀತು ಎಂದು ಇನ್ನೊಂದು ಬಗೆಯಲ್ಲಿ ಹೆದರಿಸಿದರು. ನಿನ್ನ ಕೋರ್ಸು ಎರಡು ವರ್ಷದ್ದು. ಉಳಿದ ಹದಿನೆಂಟು ವರ್ಷ ಆ ಹಕ್ಕಿ ಯಾವ ಡಿಗ್ರಿ ಮಾಡಬೇಕು?

ಕೊನೆಗೆ ರಜೆಯ ದಿನ ಇಲ್ಲೇ ಪಕ್ಕದ ಕಲ್ಯಾಣದ ಹಕ್ಕಿ ಅಂಗಡಿಗೆ ಹೋಗಿ ಖುದ್ದು ವಿಚಾರಣೆ ನಡೆಸಿದೆ. ಬೂದು ಮೈ, ಹಳದಿ ಜುಟ್ಟು, ಎರಡೂ ಕೆನ್ನೆಗೆ ಕಿತ್ತಳೆ ಬಣ್ಣ. ವೇಷ ಕಟ್ಟಿ ರಂಗಸ್ಥಳಕ್ಕೆ ಹೊರಟ ಹುಡುಗನ ಹಾಗಿತ್ತು. ಊಟ ಆಯ್ತಾ ಎಂದು ಕೇಳಿದೆ. ತಲೆ ಓರೆ ಮಾಡಿ ಪೂರ್ತಿ ಕೇಳಿಸಿಕೊಂಡು, ತನ್ನ ಭಾಷೆಯಲ್ಲಿ ಒಂದು ಸೀಟಿ ಹೊಡೆಯಿತು. ನಮ್ಮ ಮನೆಯದೇ ಮಗು ಅನ್ನಿಸಿಬಿಟ್ಟಿತು. ನಾನು ಕೇಳುವುದು ಕನ್ನಡದಲ್ಲಿ, ನಿನ್ನಿಂದ ಬರುವುದು ‘ಹೋ ಗಯಾ ಪಪ್ಪಾ’. ಆಮೇಲೆ ಪಂಜರದ ಬಾಗಿಲು ತೆರೆದದ್ದೇ ಅದು ಹಾರಿ ನನ್ನ ನೆತ್ತಿಯ ಮೇಲೆ ಕೂತಿತು. ಹಿಡಿಯಲು ಒಂದು ಕೂದಲೂ ಸಿಗದೆ ಜಾರಿ ಭುಜಕ್ಕೆ ಬಂತು. ಅಂಗಡಿಯವನು ನಕ್ಕ, ಹಕ್ಕಿ ನಗಲಿಲ್ಲ. ಆ ಸಭ್ಯತೆಗೆ ನಾನು ಅರ್ಧ ಸೋತೆ.

ಆದರೂ ತೀರ್ಪು ಕೇಳು: ಈಗ ಬೇಡ.

ಪಂಜರ ಹಿಡಿದು ಠಾಣೆ ಸ್ಟೇಷನ್ನಿನಲ್ಲಿ ಟ್ರೇನು ಬದಲಿಸುವುದನ್ನು ನೀನು ಹೇಗೋ ನಿಭಾಯಿಸುತ್ತಿ. ಹೆಂಗಸರ ಡಬ್ಬಿಯಲ್ಲಿ ಹಕ್ಕಿಗೆ ಸೀಟೂ ಸಿಕ್ಕೀತು, ನಿನಗೆ ಸಿಗಲಿಕ್ಕಿಲ್ಲ. ನನ್ನ ತಕರಾರು ಅದಲ್ಲ. ಅದರ ಜೊತೆ ದಿನಾ ಮಾತಾಡಬೇಕು, ಇಲ್ಲದಿದ್ದರೆ ಬೇಸರಕ್ಕೆ ತನ್ನ ಗರಿ ತಾನೇ ಕಿತ್ತುಕೊಳ್ಳುತ್ತದೆ ಎಂದು ನೀನೇ ಹೇಳಿದ್ದೆ. ‘ರೋಜ್ ಬಾತ್ ಕರ್ನಾ ಪಡ್ತಾ ಹೈ ಪಪ್ಪಾ’ ಎಂದಿದ್ದೆ. ಖಾರಘರದ ನಿಮ್ಮ ರೂಮಿಗೆ ಬೆಳಿಗ್ಗೆ ಬೀಗ ಬಿದ್ದರೆ ತೆಗೆಯುವುದು ದೀಪ ಹಚ್ಚುವ ಹೊತ್ತಿಗೆ. ಅಲ್ಲಿಯವರೆಗೆ ಒಂದು ಜೀವವನ್ನು ಬಾಗಿಲ ಸದ್ದು ಕಾಯಲು ಕೂರಿಸಬೇಡ ಮಗಾ. ಕೋರ್ಸು ಮುಗಿಯಲಿ. ಆಗಲೂ ಆಸೆ ಹೀಗೇ ಇದ್ದರೆ ಇಬ್ಬರೂ ಕಲ್ಯಾಣಕ್ಕೆ ಹೋಗೋಣ. ಕುಂಡ ಸರಿದ ಜಾಗ ಹೇಗೂ ಖಾಲಿ ಇದೆ. ನಿನ್ನ ಅಮ್ಮ ಅಲ್ಲಿ ಬೇರೇನೂ ಇಡಗೊಡುತ್ತಿಲ್ಲ.

ಕೋಪ ಬಂದರೆ ಕಾಂಚನಾಳ ಮೇಲೆ ತೀರಿಸಬೇಡ, ಅವಳು ಓದಿದವಳಷ್ಟೇ. ಇಬ್ಬರೂ ಹೊತ್ತಿಗೆ ಸರಿಯಾಗಿ ಉಣ್ಣಿ. ನಿಮ್ಮ ರೆಕ್ಕೆ ಗಟ್ಟಿಯಾಗಲಿ.

ನಿನ್ನ ಪಪ್ಪ
ವಾಸು

ತಾ.ಕ.: ಕಾಂಚನಾ, ನಿನ್ನ ಕೆಲಸ ಇಲ್ಲಿಗೆ ಮುಗಿಯಿತಮ್ಮಾ. ಕಾಗದ ಅವಳ ಕೈಗೆ ಕೊಡು. ಉಳಿದದ್ದನ್ನು ಅವಳೇ ಕೂಡಿಸಿ ಓದಲಿ, ದೊಡ್ಡ ಅಕ್ಷರದಲ್ಲಿ ಬರೆದಿದ್ದೇನೆ.

ಮಗಾ, ದಿನಾ ಮಾತು ನನಗೂ ಬೇಕು. ಕನ್ನಡವೇ ಆಗಬೇಕು ಎಂದಿಲ್ಲ. ಬೇಸರಕ್ಕೆ ಕೀಳಲು ನನ್ನ ತಲೆ ಮೇಲೆ ಏನೂ ಉಳಿದಿಲ್ಲ.